ಹಾಡುವ ಗೊಲ್ಲನೂ ಬರೆದ ಕವಿಯೂ

ಗೊಲ್ಲರ ಹಾಡುಗಳೆಂದು ಸಾಹಿತ್ಯ ಚರಿತ್ರೆಯಲ್ಲಿ ಹೆಸರಾದ ಕವಿತೆಗಳನ್ನು ಬರೆದವರು ಗೊಲ್ಲರಲ್ಲ. ಇಂಗ್ಲಿಷಿನಲ್ಲಿ ಪ್ಯಾಸ್ಟೊರಲ್ ಎಂದು ಕರೆಯುವ ಈ ಪ್ರಕಾರವನ್ನು ನಾವು ಗೋಪಗೀತೆ ಎನ್ನೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಕವಿ ಥಿಯಾಕ್ರಿಟಸ್ ಇದಕ್ಕೊಂದು ರೂಪು ಕೊಟ್ಟ. ಮುಂದೆ ವರ್ಜಿಲ್ ಇದನ್ನು ಲ್ಯಾಟಿನ್ನಿಗೆ ತಂದ. ಇಬ್ಬರೂ ವಿದ್ವತ್ಕವಿಗಳು. ಆದರೆ ಕವಿತೆಯೊಳಗೆ 'ನಾನು' ಎನ್ನುವವನು ಆಡು ಕಾಯುವವನು. ಈ 'ನಾನು' ಯಾರು? ಇದು ಬರಿಯ ಪಂಡಿತರ ಕುತೂಹಲವೆಂದು ನಾನು ಬಹುಕಾಲ ಭಾವಿಸಿದ್ದೆ. ಹಾಗಲ್ಲವೆಂದು ನನಗೆ ತಿಳಿಸಿಕೊಟ್ಟವನು ನನ್ನ ವಿದ್ಯಾರ್ಥಿಯೊಬ್ಬ.

ವರ್ಜಿಲನ ಹತ್ತು ಗೋಪಗೀತೆಗಳಲ್ಲಿ ಮೊದಲನೆಯದು ಇಬ್ಬರ ಸಂವಾದ. ಟಿಟಿರಸ್ ಮರದ ನೆರಳಿನಲ್ಲಿ ಒರಗಿಕೊಂಡು ಕೊಳಲೂದುತ್ತಿದ್ದಾನೆ. ಮೆಲಿಬಿಯಸ್ ತನ್ನ ಆಡುಗಳನ್ನು ಹೊಡೆದುಕೊಂಡು ಊರು ಬಿಟ್ಟು ಹೊರಟಿದ್ದಾನೆ. ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದಲ್ಲಿ ಗೆದ್ದವರು ತಮ್ಮ ಸೈನಿಕರಿಗೆ ಹಂಚಲೆಂದು ಇಟಲಿಯ ರೈತರ ಭೂಮಿಯನ್ನು ಕಿತ್ತುಕೊಂಡ ಕಾಲವದು. ಮೆಲಿಬಿಯಸನ ಹೊಲ ಸೈನಿಕನ ಪಾಲಾಗಿದೆ. ಟಿಟಿರಸನಾದರೋ ರೋಮಿಗೆ ಹೋಗಿ, ತರುಣನೊಬ್ಬನ ಕೃಪೆಯಿಂದ ತನ್ನ ನೆಲವನ್ನು ಉಳಿಸಿಕೊಂಡು ಬಂದಿದ್ದಾನೆ. ಆ ತರುಣನನ್ನು ದೇವರೆಂದೇ ಕರೆಯುತ್ತಾನೆ. ಅವನು ಆಕ್ಟೇವಿಯನ್ನನೆಂಬುದು ವ್ಯಾಖ್ಯಾನಕಾರರ ಮತ.

ಮ್ಯಾಂಟುವಾದ ಬಳಿಯಿದ್ದ ವರ್ಜಿಲನ ಜಮೀನೂ ಹೀಗೆಯೇ ಕೈಬಿಟ್ಟು ಮತ್ತೆ ದಕ್ಕಿತೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ಆದ್ದರಿಂದ ಟಿಟಿರಸನೇ ವರ್ಜಿಲ್ ಎಂದು ಓದುವುದು ರೂಢಿಯಾಯಿತು. ಎಂ.ಎ. ತರಗತಿಯಲ್ಲಿ ನಾನೂ ಹಾಗೆಯೇ ಪಾಠ ಹೇಳಿದೆ: ಇದು ಕವಿ ತನ್ನ ಆಶ್ರಯದಾತನಿಗೆ ಸಲ್ಲಿಸಿದ ಕೃತಜ್ಞತೆ ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಹಾಗಾದರೆ ಮೆಲಿಬಿಯಸನ ಮಾತು ಯಾರದು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅವನ ತಂದೆಯ ಗದ್ದೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತೆಂಬುದು ಆಮೇಲೆ ತಿಳಿಯಿತು.

ಮನೆಗೆ ಬಂದು ಮತ್ತೆ ಓದಿದೆ. ಕವಿತೆಯ 83 ಸಾಲುಗಳಲ್ಲಿ 46 ಮೆಲಿಬಿಯಸನವು. ಟಿಟಿರಸ್ ನರೆತ ಗಡ್ಡದವನು, ಬಹಳ ತಡವಾಗಿ ಬಿಡುಗಡೆ ಪಡೆದ ದಾಸ. ಕವಿಗಾದರೋ ಆಗ ಮೂವತ್ತರ ಆಸುಪಾಸು. ಬರಿಗಲ್ಲಿನ ಮೇಲೆ ಅವಳಿ ಮರಿಗಳನ್ನು ಈದು, ಅವನ್ನು ಅಲ್ಲಿಯೇ ಬಿಟ್ಟು ಬಂದ ಆಡೊಂದನ್ನು ಮೆಲಿಬಿಯಸ್ ಕಷ್ಟದಿಂದ ಎಳೆದುಕೊಂಡು ನಡೆಯುತ್ತಾನೆ. ಕವಿತೆಯ ತೀವ್ರವಾದ ನೋವೆಲ್ಲ ಅವನ ಬಾಯಲ್ಲಿದೆ. ಟಿಟಿರಸನನ್ನು ವರ್ಜಿಲನೆಂದು ತಿಳಿಯಬೇಕೆಂದ ಪ್ರಾಚೀನ ವ್ಯಾಖ್ಯಾನಕಾರ ಸರ್ವಿಯಸ್ ಕೂಡ, ಎಲ್ಲೆಡೆಯೂ ಹಾಗಲ್ಲ, ಯುಕ್ತಿ ಬೇಡುವಲ್ಲಿ ಮಾತ್ರ ಎಂದು ಎಚ್ಚರಿಸಿದ್ದ. ನಾವು ಮೊದಲ ಮಾತನ್ನು ಹಿಡಿದುಕೊಂಡು ಎಚ್ಚರಿಕೆಯನ್ನು ಕೈಬಿಟ್ಟೆವು.

ಈ ವಿವೇಕ ನಮಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಕವಿಯ ಪ್ರೌಢೋಕ್ತಿಯನ್ನೂ ಕವಿನಿಬದ್ಧವಕ್ತೃವಿನ, ಎಂದರೆ ಕವಿ ಕಲ್ಪಿಸಿ ಮಾತನಾಡಿಸಿದವನ, ಪ್ರೌಢೋಕ್ತಿಯನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ಆದರೂ ಕನ್ನಡದ ಓದುಗರಾದ ನಾವು ಮರೆಯುತ್ತೇವೆ. 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಗೋಪಗೀತೆಯಲ್ಲ. ಆದರೆ ಅಲ್ಲಿಯೂ ಹಳ್ಳಿಯಿದೆ, ಹಾಡಿದೆ, 'ನಾನು' ಇದೆ. ಆ 'ನಾನು' ಸ್ವತಃ ಕವಿಗಳೇ ಎಂದು ನಂಬಿ ಎಷ್ಟೋ ಮಂದಿ ಸಂತೋಷಪಟ್ಟಿದ್ದಾರೆ. ಅದೇ ಸಂಕಲನದಲ್ಲಿ ನವಿಲೂರಿನಿಂದ ಸುದ್ದಿ ತಂದು ಬಾಗಿಲಲ್ಲಿ ನಿಲ್ಲುವ ಬಳೆಗಾರ ಚೆನ್ನಯ್ಯನೂ 'ನಾನು' ಎಂದೇ ಮಾತನಾಡುತ್ತಾನೆ. ಅವನನ್ನು ಕವಿಯೆಂದು ಯಾರೂ ಹೇಳುವುದಿಲ್ಲ. ಗಂಡನ ಮಾತು ಆತ್ಮಕಥೆಯಾಗುವುದಾದರೆ ಬಳೆಗಾರನ ಮಾತೇಕೆ ಆಗದು? ಎರಡನ್ನೂ ನುಡಿಸಿದ ಕವಿಹೃದಯ ಒಂದೇ ಅಲ್ಲವೆ?

ಕವಿ ತನ್ನ ಕವಿತೆಯಲ್ಲಿಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಾನೆ, ಆದರೆ ಒಬ್ಬನ ಮುಖದಲ್ಲಿ ಮಾತ್ರವಲ್ಲ. ಕೊನೆಯಲ್ಲಿ ಟಿಟಿರಸ್, ಇದೊಂದು ರಾತ್ರಿ ಇಲ್ಲಿಯೇ ತಂಗು ಎಂದು ಹಣ್ಣು, ಗಿಣ್ಣು ನೀಡಲು ಮುಂದಾಗುತ್ತಾನೆ. ದೂರದ ಮನೆಗಳಿಂದ ಹೊಗೆ ಏಳುತ್ತಿರುತ್ತದೆ. ಮೆಲಿಬಿಯಸ್ ಉಳಿದನೆ, ಹೊರಟನೆ, ಕವಿ ಹೇಳುವುದಿಲ್ಲ. ಉಳಿಸಿಕೊಂಡವನು ಕಳೆದುಕೊಂಡವನಿಗೆ ಕೊಡಬಲ್ಲದ್ದು ಒಂದು ರಾತ್ರಿಯ ಆತಿಥ್ಯ ಮಾತ್ರ. ಇದನ್ನು ಬರೆದ ಕವಿ ಇಬ್ಬರೂ ಆಗಿದ್ದಿರಬೇಕು.

ಇಷ್ಟು ನನಗೆ ಹೊಳೆಯುವ ಹೊತ್ತಿಗೆ ಆ ಹುಡುಗ ಪರೀಕ್ಷೆ ಮುಗಿಸಿ ಹೊರಟುಹೋಗಿದ್ದ.