ಎಂಥ ಕೆಲಸ?



ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂದಿನಂತೆ, “ಏನಪ್ಪ, ಕೆಲಸ ಸಿಕ್ಕಿತೆ?” ಎಂದೆ. “ಸಿಕ್ಕಿದೆ ಮೇಷ್ಟ್ರೆ, ಮೂರು ವರ್ಷವಾಯಿತು” ಎಂದ. ನನಗೆ ಸಂತೋಷವಾಯಿತು. ಕಾಫಿ ಕುಡಿಯುತ್ತ ಮಾತು ಮುಂದುವರಿದಾಗ ಉಳಿದ ಸಂಗತಿ ಹೊರಬಿತ್ತು. ಸೇರಿದಾಗ ನೇಮಕದ ಕಾಗದ ಕೊಡಲಿಲ್ಲ. ತಾಯಿಗೆ ಕಾಯಿಲೆಯಾಗಿ ನಾಲ್ಕು ದಿನ ಹೋಗದಿದ್ದುದಕ್ಕೆ ನಾಲ್ಕು ದಿನದ ಸಂಬಳ ಮುರಿದರು. ಭವಿಷ್ಯನಿಧಿಯೂ ಇಲ್ಲ. ನಾಳೆಯಿಂದ ಬರಬೇಡವೆಂದುಬಿಟ್ಟರೆ, ತಾನು ಅಲ್ಲಿ ದುಡಿಯುತ್ತಿದ್ದೆನೆಂದು ತೋರಿಸಲು ಅವನ ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಅವನು ಹೊರಟುಹೋದ ಮೇಲೆ, ನಾನು ಕೇಳಿದ ಪ್ರಶ್ನೆಯೇ ಸಾಲದಾಯಿತೆನಿಸಿತು. ಕೆಲಸ ಸಿಕ್ಕಿತೆ ಎಂದು ಕೇಳಿದೆನೇ ಹೊರತು, ಎಂಥ ಕೆಲಸವೆಂದು ಕೇಳಲಿಲ್ಲ.

ನಾನು ಕನ್ನಡ ಪಾಠ ಹೇಳುವವನು. ಅಂಕಿಗಳಿಗಿಂತ ಪದಗಳೊಡನೆಯೇ ನನಗೆ ಬಳಕೆ ಹೆಚ್ಚು. ನಮ್ಮ ನುಡಿಯಲ್ಲಿ ದುಡಿಮೆಗೆ ಎಷ್ಟು ಹೆಸರುಗಳಿವೆ ನೋಡಿ: ಕೂಲಿ, ಊಳಿಗ, ಚಾಕರಿ, ಕಸುಬು, ಬಿಟ್ಟಿ, ಜೀತ, ಕಾಯಕ. ಇವು ಒಂದೇ ಅರ್ಥದ ಮಾತುಗಳಲ್ಲ. ಬಿಟ್ಟಿಯೆಂಬುದು ಸಂಸ್ಕೃತದ ವಿಷ್ಟಿಯ ತದ್ಭವ. ಸಂಬಳವಿಲ್ಲದೆ ಬಲವಂತದಿಂದ ಮಾಡಿಸುವ ದುಡಿಮೆ. ಜೀತವೆಂಬುದು ಜೀವಿತದ ತದ್ಭವ. ಹಿಂದೆ ಅದಕ್ಕೆ ಸಂಬಳವೆಂಬ ಅರ್ಥವೇ ಇತ್ತು. ಜೀವನಕ್ಕೆಂದು ಕೊಟ್ಟದ್ದೇ ಕಡೆಗೆ ಕೊರಳ ಹಗ್ಗವಾಗಿ, ಅದನ್ನು ಬಿಡಿಸಲು 1976ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ಶರಣರ ಬಾಯಲ್ಲಿ ಕಾಯಕವೆಂಬುದಾದರೋ ದುಡಿಮೆಗೆ ಗೌರವ ತಂದ ಮಾತು. ಹೀಗೆ ನಮ್ಮ ಹಿರಿಯರು ಹೆಸರಿನಲ್ಲಿಯೇ ಕೆಲಸದ ಗುಣವನ್ನು ಗುರುತಿಸಿದ್ದರು.

ದೇಶದ ಲೆಕ್ಕ ಹಾಕುವಾಗ ಈ ಭೇದ ಅಳಿಸಿಹೋಗುವ ಸಂಭವವಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 1950ರಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಪ್ರೇರಣೆಯಿಂದ ಆರಂಭವಾಯಿತು. 1972-73ರಿಂದ ಸುಮಾರು ಐದು ವರ್ಷಕ್ಕೊಮ್ಮೆ ಉದ್ಯೋಗದ ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. 2017ರ ಏಪ್ರಿಲಿನಿಂದ ಅದರ ಸ್ಥಾನಕ್ಕೆ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ಬಂದಿತು. ಇದರ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆಯಷ್ಟಾದರೂ ಕೆಲಸ ಮಾಡಿದವನು ಉದ್ಯೋಗಿ. ಅಪ್ಪನ ಅಂಗಡಿಯಲ್ಲಿ ಸಂಬಳವಿಲ್ಲದೆ ತಕ್ಕಡಿ ಹಿಡಿಯುವ ಮಗನೂ ಉದ್ಯೋಗಿಯೇ. ನನ್ನ ಶಿಷ್ಯನೂ ಉದ್ಯೋಗಿ, ತಿಂಗಳ ಸಂಬಳ ತಪ್ಪದೆ ಎಣಿಸುವ ನಾನೂ ಉದ್ಯೋಗಿ. ಎಣಿಕೆಗೆ ಇಂಥದೊಂದು ಕಟ್ಟು ಬೇಕು, ನಿಜ. ಆದರೆ ಇಷ್ಟಕ್ಕೇ ನಿಂತರೆ ಕಾಳು ಜೊಳ್ಳು ಎರಡನ್ನೂ ಒಂದೇ ಕೊಳಗದಲ್ಲಿ ಅಳೆದಂತಾಗುತ್ತದೆ.

ಸಮೀಕ್ಷೆ ಇಷ್ಟಕ್ಕೇ ನಿಂತಿಲ್ಲವೆಂಬುದು ಸಮಾಧಾನದ ಸಂಗತಿ. ಬೇಸಾಯದ ಹೊರಗೆ ನಿಯತ ಸಂಬಳಕ್ಕೆ ದುಡಿಯುವವರನ್ನು ಅದು ಇನ್ನೂ ಮೂರು ಮಾತು ಕೇಳುತ್ತದೆ: ಕೆಲಸದ ಒಪ್ಪಂದ ಬರಹದಲ್ಲಿದೆಯೆ? ಸಂಬಳಸಹಿತ ರಜೆ ಉಂಟೆ? ಭವಿಷ್ಯನಿಧಿ, ಪಿಂಚಣಿ, ಆರೋಗ್ಯ ರಕ್ಷಣೆ ಮುಂತಾದ ಯಾವುದಾದರೂ ಸಾಮಾಜಿಕ ಭದ್ರತೆ ಉಂಟೆ? 2017-18ರಲ್ಲಿ ಬಂದ ಉತ್ತರ ಹೀಗಿದೆ. ನೂರಕ್ಕೆ 71.1 ಮಂದಿಗೆ ಬರಹದ ಒಪ್ಪಂದವಿಲ್ಲ, 54.2 ಮಂದಿಗೆ ಸಂಬಳಸಹಿತ ರಜೆಯಿಲ್ಲ, 49.6 ಮಂದಿಗೆ ಯಾವ ಭದ್ರತೆಯೂ ಇಲ್ಲ. ಇವರು ದಿನಗೂಲಿಯವರಲ್ಲ, ನಾವು ‘ಸಂಬಳದವರು’ ಎಂದು ಕರೆಯುವವರೇ ಎಂಬುದನ್ನು ಮರೆಯಬಾರದು. 2023-24ರ ವೇಳೆಗೆ ಒಪ್ಪಂದವಿಲ್ಲದವರ ಪ್ರಮಾಣ ಸುಮಾರು 58ಕ್ಕೆ ಇಳಿಯಿತು. ಇಳಿದರೂ ಅದು ಅರ್ಧಕ್ಕಿಂತ ಹೆಚ್ಚು.

ಈ ಪ್ರಶ್ನೆಗಳನ್ನು ಕೇಳುವುದು ಯಜಮಾನನನ್ನಲ್ಲ. ಸಮೀಕ್ಷಕರು ಬರುವುದು ಮನೆಯ ಬಾಗಿಲಿಗೆ. ಕಾರ್ಖಾನೆಯ ದಫ್ತರದಲ್ಲಿ ಹೆಸರೇ ಇಲ್ಲದವನು ತನ್ನ ಮನೆಯ ಜಗಲಿಯಲ್ಲಿ ಸಿಕ್ಕುತ್ತಾನೆ. ಅಲ್ಲಿ ಅವನು ನಿರ್ಭಯವಾಗಿ ಮಾತನಾಡಬಲ್ಲ.

ಕೇಳಬೇಕಾದದ್ದು ಇನ್ನೂ ಇದೆ. 2023-24ರಲ್ಲಿ ದುಡಿಯುವವರಲ್ಲಿ ನೂರಕ್ಕೆ 58.4 ಮಂದಿ ಸ್ವಂತ ದುಡಿಮೆಯವರು. ತಳ್ಳುಗಾಡಿಯವನಿಗೆ ಒಪ್ಪಂದ ಬರೆದುಕೊಡುವವರಾರು? ಅವನ ಕೆಲಸದ ಒಳಿತು ಕೆಡುಕನ್ನು ಅಳೆಯಲು ಬೇರೆ ಅಳತೆಗೋಲು ಬೇಕು. ದೂಳು, ಸದ್ದು, ಬಿಸಿಲು, ನಿಂತು ನಿಂತು ನೋಯುವ ಕಾಲು, ಇವೂ ಕೆಲಸದ ಗುಣವೇ ಅಲ್ಲವೆ? ಯೂರೋಪಿನ ದೇಶಗಳಲ್ಲಿ 1990ರ ದಶಕದ ಆರಂಭದಿಂದ ಇದಕ್ಕೆಂದೇ ಒಂದು ಸಮೀಕ್ಷೆ ನಡೆಯುತ್ತ ಬಂದಿದೆ. ಕಿವಿಗಡಚಿಕ್ಕುವ ಸದ್ದುಂಟೆ, ಮೈನೋಯುವ ಭಂಗಿಯಲ್ಲಿ ದುಡಿಯಬೇಕೆ, ಬೇಕೆಂದಾಗ ಕೊಂಚ ವಿರಮಿಸಬಹುದೆ, ಮೇಲಿನವರು ನೆರವಾಗುತ್ತಾರೆಯೆ ಎಂದು ಅದು ಕೇಳುತ್ತದೆ. ಇಂಥ ಪ್ರಶ್ನೆಗಳು ನಮ್ಮ ದುಡಿಮೆಗಾರರಿಗೂ ಸಲ್ಲತಕ್ಕವು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸಗಾರನಿಗೆ ನೇಮಕದ ಪತ್ರ ಕೊಡಬೇಕೆಂದು ಅವು ವಿಧಿಸುತ್ತವೆ. ವಿಧಿಸುವುದು ಕಾನೂನಿನ ಕೆಲಸ. ಪತ್ರ ಕೈಗೆ ಬಂದಿತೋ ಇಲ್ಲವೋ ಎಂದು ಹೇಳುವುದು ಸಮೀಕ್ಷೆಯ ಕೆಲಸ. ಸಾಕ್ಷಿಯಿಲ್ಲದ ಕಾನೂನು ಪುಸ್ತಕದಲ್ಲಿಯೇ ಉಳಿದೀತು.

ಆದುದರಿಂದ ಸಮೀಕ್ಷಕರು ಬಾಗಿಲಿಗೆ ಬಂದಾಗ “ಈಗ ಪುರುಸೊತ್ತಿಲ್ಲ, ನಾಳೆ ಬನ್ನಿ” ಎನ್ನಬೇಡಿ. ಒಳಗೆ ಕರೆದು ಕೂರಿಸಿ. ಮರ್ಯಾದೆಗೆ ಅಂಜಿ ಇಲ್ಲದ ರಜೆಯನ್ನು ಇದೆಯೆನ್ನಬೇಡಿ. ತೆರಿಗೆಗೆ ಅಂಜಿ ಇರುವುದನ್ನು ಮುಚ್ಚಬೇಡಿ.

ಇನ್ನೊಂದು ಮಾತಿದೆ. ಅದನ್ನು ನನಗೇ ಹೇಳಿಕೊಂಡದ್ದು. ನಮ್ಮ ಮನೆಗೆ ಬೆಳಗಿನ ಹೊತ್ತು ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳೂ ತಿಂಗಳ ಸಂಬಳದವಳು. ಅವಳ ಮನೆಗೂ ಸಮೀಕ್ಷಕರು ಹೋದಾರು. “ಸಂಬಳಸಹಿತ ರಜೆ ಉಂಟೇನಮ್ಮ?” ಎಂದು ಕೇಳಿಯಾರು. ಶಿಷ್ಯನ ಯಜಮಾನನ ಮೇಲೆ ಸಿಟ್ಟಾಗಿದ್ದ ನನಗೆ, ಹೋದ ವರ್ಷ ಅವಳು ಜ್ವರದಲ್ಲಿ ಮಲಗಿದ್ದಾಗ ನಮ್ಮ ಮನೆಯಲ್ಲಿಯೂ ಮೂರು ದಿನದ ಹಣ ಮುರಿದದ್ದು ನೆನಪಾಯಿತು. ಅದನ್ನು ಈಗ ಕೊಟ್ಟಿದ್ದೇವೆ; ತಿಂಗಳಿಗೆ ಎರಡು ದಿನ ಸಂಬಳಸಹಿತ ರಜೆಯೆಂದು ಗೊತ್ತುಮಾಡಿದ್ದೇವೆ. ಇದು ದೊಡ್ಡತನವಲ್ಲ, ತಡವಾಗಿ ತೀರಿಸಿದ ಬಾಕಿ. ನೀವೂ ಒಮ್ಮೆ ನಿಮ್ಮ ಮನೆಯ ಲೆಕ್ಕ ತೆಗೆದು ನೋಡಿ.