ಹಾಡು ಕಲಿಸಿದ ಇನ್ಸ್‌ಪೆಕ್ಟರ್

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ನಮ್ಮ ಮಕ್ಕಳು ಮತ್ತು ಕನ್ನಡ’. ಇದರ ಬಗ್ಗೆ ಉಪದೇಶ ಮಾಡುವುದಕ್ಕಿಂತ ನಮ್ಮೂರಿನ ಒಬ್ಬರ ಬದುಕನ್ನು ಹೇಳುವುದು ಒಳ್ಳೆಯದು ಅಂತ ಕಂಡಿತು. ಅವರು ಪಂಜೆ ಮಂಗೇಶರಾಯರು. ‘ನಾಗರ ಹಾವು’ ಪದ್ಯ ಅಂದ ಕೂಡಲೇ ಇಲ್ಲಿ ಎಷ್ಟೋ ಜನರ ತುಟಿ ಅಲ್ಲಾಡಿದ್ದು ನನಗೆ ಕಾಣ್ತಾ ಉಂಟು. ಅದನ್ನು ಬರೆದವರು ಅವರೇ.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಅನುಕೂಲ ಇದ್ದ ಮನೆ ಅಲ್ಲ. ಮನೆಮಾತು ಕೊಂಕಣಿ. ಹೊರಗೆ ಕಾಲಿಟ್ಟರೆ ತುಳು. ಓದು ಕನ್ನಡದಲ್ಲಿ, ಮೇಲಿನ ಓದು ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇದನ್ನು ಕೇಳುವಾಗ ನಮ್ಮದೇ ಕಥೆ ಅನ್ನಿಸುವುದಿಲ್ವಾ? ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕನ್ನಡ ಅವರಿಗೂ ತೊಟ್ಟಿಲಲ್ಲಿ ಸಿಕ್ಕಿದ ಭಾಷೆಯಲ್ಲ. ಆದರೂ ಕನ್ನಡದ ಮಕ್ಕಳಿಗೆ ಅವರಷ್ಟು ಸವಿಯಾಗಿ ಬರೆದವರು ಕಡಿಮೆ.

ಅವರು ಮೇಷ್ಟ್ರಾದರು, ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಆದರು. ಇನ್ಸ್‌ಪೆಕ್ಟರ್ ಬರ್ತಾರೆ ಅಂದರೆ ಮೇಷ್ಟ್ರಿಗೂ ಮಕ್ಕಳಿಗೂ ನಡುಕ ಹುಟ್ಟುತ್ತಿದ್ದ ಕಾಲ ಅದು. ಪಂಜೆಯವರು ಮಾತ್ರ ಮಕ್ಕಳ ಜೊತೆ ಹಾಡುವ, ಕಥೆ ಹೇಳುವ ಇನ್ಸ್‌ಪೆಕ್ಟರ್ ಅಂತಲೇ ಹೆಸರಾದರು. ಊರೂರಿನ ಶಾಲೆ ನೋಡಿದವರಿಗೆ ಮಕ್ಕಳ ಕಷ್ಟ ಗೊತ್ತಾಗದೆ ಇರ್ತದಾ? ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು. ಅಂಥ ಮಗುವಿಗೆ ಭಾಷೆ ಮೊದಲು ಕಿವಿಗೆ ಹಿಡಿಸಬೇಕು. ಕಣ್ಣಿಗೆ ಅಕ್ಷರ ಆಮೇಲೆ.

ಅವರ ಬರಹ ನೋಡಿ, ಪೂರಾ ಕಿವಿಯ ಬರಹ. ‘ತೆಂಕಣ ಗಾಳಿಯಾಟ’ದಲ್ಲಿ ನಮ್ಮ ಕಡಲ ತೀರದ ಗಾಳಿಯೇ ಶಬ್ದವಾಗಿ ಬೀಸ್ತದೆ. ‘ನಾಗರ ಹಾವು’ ಪದ್ಯದಲ್ಲಿ ಮಗು ಹಾವನ್ನೇ ಮಾತಾಡಿಸ್ತದೆ. ಕಥೆಗಳ ಹೆಸರು ಕೇಳಿದರೂ ಸಾಕು: ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಹೇನು ಸತ್ತು ಕಾಗೆ ಬಡವಾಯಿತು’. ಅಂಗಳದಲ್ಲಿ ಮೀನು ಒಣಗಿಸುವ ಮನೆಯ ಮಗು ಕೇಳುವ ಪ್ರಶ್ನೆಯೇ ಕಥೆಯಾಯಿತು. ತುಳುವಿನ ಪಾಡ್ದನದಲ್ಲಿದ್ದ ಕೋಟಿ ಚೆನ್ನಯರನ್ನು ಅವರು ಕನ್ನಡದ ಓದುಗರಿಗೆ ಕೊಟ್ಟರು. ಕೊಡವರ ಸುಗ್ಗಿ ಹಬ್ಬದ ಮೇಲೆ ‘ಹುತ್ತರಿ ಹಾಡು’ ಬರೆದರು. ಕನ್ನಡಕ್ಕಾಗಿ ಇನ್ನೊಂದು ಭಾಷೆಯನ್ನು ಕೀಳು ಮಾಡಲಿಲ್ಲ. ಎಲ್ಲ ಮನೆಗಳಿಂದ ಒಂದೊಂದು ತಂದು ಕನ್ನಡದ ಅಂಗಳದಲ್ಲಿ ಇಟ್ಟರು.

ತಾವೊಬ್ಬರೇ ಬರೆದರೆ ಸಾಲದು ಅಂತಲೂ ಅವರಿಗೆ ಗೊತ್ತಿತ್ತು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಹುಟ್ಟಿದ್ದರ ಹಿಂದೆ ಅವರಿದ್ದರು. ಮಕ್ಕಳ ಪುಸ್ತಕಕ್ಕಾಗಿಯೇ ಒಂದು ಕೂಟ ಬೇಕು ಅಂತ ನೂರು ವರ್ಷದ ಹಿಂದೆ ಯೋಚಿಸಿದವರು! 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಷ್ಟು ದೊಡ್ಡವರಾದರೂ ಇಟ್ಟುಕೊಂಡ ಹೆಸರು ‘ಕವಿಶಿಷ್ಯ’. 1937ರಲ್ಲಿ ತೀರಿಕೊಂಡರು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರ್ತದೆ, ಹಿಂದಿ ಬರ್ತದೆ, ಅರಬಿ ಅಕ್ಷರ ಓದುತ್ತಾರೆ. ಮನೆಯಲ್ಲಿ ಬ್ಯಾರಿ ಉಂಟು. ಕನ್ನಡ ಅಕ್ಷರ ಮಾತ್ರ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. “ಅದರಿಂದ ಏನು ನಷ್ಟ, ಕೆಲಸಕ್ಕೆ ಬೇಕಾ?” ಅಂತ ಕೇಳುವವರಿದ್ದಾರೆ. ನಷ್ಟ ಎಲ್ಲಿ ಅಂತ ಹೇಳ್ತೇನೆ. ನಮ್ಮ ಬ್ಯಾರಿ ಕಥೆ, ಕವನ, ಗಾದೆಗಳ ಪುಸ್ತಕ ಹೆಚ್ಚಾಗಿ ಅಚ್ಚಾಗಿರುವುದು ಕನ್ನಡ ಲಿಪಿಯಲ್ಲೇ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ಪುಸ್ತಕಗಳು ಇನ್ನೂ ಬಂದವು. ಕನ್ನಡ ಅಕ್ಷರ ಬಾರದ ಮಗು ನಾಳೆ ತನ್ನ ಉಮ್ಮನ ಭಾಷೆಯ ಪುಸ್ತಕವನ್ನೂ ಬಿಡಿಸಿ ಓದಲಾರದು. ಒಂದು ಬಾಗಿಲು ಮುಚ್ಚಿದರೆ ಎರಡು ಕೋಣೆ ಕತ್ತಲಾಗ್ತದೆ.

ಕ್ಲಾಸು, ಟ್ಯೂಷನ್ ಅಂತ ಹೆದರಬೇಡಿ. ಪಂಜೆಯವರ ದಾರಿಯೇ ಸಾಕು, ಮೊದಲು ಕಿವಿ. ಕುಟುಂಬ ಇಲ್ಲೇ ಇದ್ದವರು ಮಲಗುವ ಮೊದಲು ಹತ್ತು ನಿಮಿಷ ಒಂದು ಕಥೆ, ಒಂದು ಹಾಡು ಜೋರಾಗಿ ಓದಿ. ಮಕ್ಕಳು ಊರಿನಲ್ಲಿದ್ದು ನೀವು ಕ್ಯಾಂಪಿನಲ್ಲಿದ್ದರೆ, “ಊಟ ಆಯ್ತಾ, ಮಾರ್ಕ್ ಎಷ್ಟು” ಅಂತ ಕೇಳಿ ಫೋನ್ ಇಡುವ ಬದಲು ಒಂದು ಸಣ್ಣ ಕಥೆ ವಾಯ್ಸ್ ಮಾಡಿ ಕಳಿಸಿ. ಓದಲು ಬಾರದ ತಂದೆಗೂ ಕಥೆ ಹೇಳಲು ಬರ್ತದೆ. ಮಗು ಅದನ್ನು ಹತ್ತು ಸಲ ಕೇಳ್ತದೆ. ಕಥೆಯ ರುಚಿ ಹತ್ತಿದ ಮೇಲೆ ಅಕ್ಷರಕ್ಕೆ ಅದೇ ಕೈ ಚಾಚ್ತದೆ.

ರಜೆಗೆ ಊರಿಗೆ ಹೋಗುವವರು ವಾಪಸ್ ಬರುವಾಗ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಪಕ್ಕ ನಾಲ್ಕು ಮಕ್ಕಳ ಪುಸ್ತಕಕ್ಕೂ ಜಾಗ ಮಾಡಿ. ನಿಮ್ಮ ಮಕ್ಕಳು ಓದಿ ಆದ ಮೇಲೆ ಸಂಘಕ್ಕೆ ಕೊಡಿ, ಇನ್ನೊಂದು ಮನೆಗೆ ತಲುಪಿಸುವ ಕೆಲಸ ನಮ್ಮದು.