ಭೀಮಾ ಬಯಲಿನ ನೆಲ ಮತ್ತು ಮೆಡೋಸ್ ಟೇಲರನ ರೇಖೆಗಳು

ಭೂದೃಶ್ಯ ಚಿತ್ರಕಲೆಯ ಚರಿತ್ರೆಯನ್ನು ಕುರಿತು ಜೇವರ್ಗಿ ಸೀಮೆಯ ಇಜೇರಿಯಲ್ಲಿ ಆರಂಭವಾಗುತ್ತಿರುವ ಈ ವಿಚಾರ ಸಂಕಿರಣವು ಹತ್ತೊಂಬತ್ತನೆಯ ಶತಮಾನದ ಒಬ್ಬ ಚಿತ್ರಕಾರನನ್ನು ಕೇಂದ್ರದಲ್ಲಿ ಇಟ್ಟುಕೊಂಡಿದೆ. ದೇವರ ಕಥೆಯಾಗಲಿ ಅರಸನ ಮುಖವಾಗಲಿ ಮುಖ್ಯವಾಗದೆ ನೆಲ, ನೀರು, ಗುಡ್ಡ, ಗಿಡ, ಆಕಾಶಗಳೇ ಚಿತ್ರದ ವಸ್ತುವಾದಾಗ ಅದನ್ನು ಭೂದೃಶ್ಯ ಚಿತ್ರವೆಂದು ಕರೆಯುತ್ತಾರೆ. ಯುರೋಪಿನ ರಾಜ್ಯಶಕ್ತಿ ದೂರದ ಖಂಡಗಳಿಗೆ ಹರಡಿದ ಆ ಶತಮಾನದಲ್ಲಿ ಸೈನಿಕನ ಹಿಂದೆ ಮೋಜಣಿದಾರನೂ ಅವನ ಹಿಂದೆ ಚಿತ್ರಕಾರನೂ ಬಂದದ್ದರಿಂದ ಈ ಬಗೆಯ ಚಿತ್ರಕ್ಕೆ ಹಿಂದೆಂದೂ ಇಲ್ಲದ ವಿಸ್ತಾರ ದೊರೆಯಿತು. ಲಂಡನ್ನಿನ ಕಾನ್ರಾಡ್ ಮಾರ್ಟೆನ್ಸ್ 1835ರಲ್ಲಿ ಸಿಡ್ನಿಗೆ ಬಂದು ಆ ಬಂದರಿನ ನೀರು-ಬೆಳಕನ್ನು ಬದುಕಿಡೀ ಬರೆದನು. ವಿಯೆನ್ನಾದಲ್ಲಿ ಹುಟ್ಟಿದ ಯೂಜೀನ್ ಫಾನ್ ಗೆರಾರ್ ಚಿನ್ನದ ಆಸೆಯಿಂದ 1852ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ಕೊನೆಗೆ ಅಲ್ಲಿಯ ಪರ್ವತ-ಕಾಡುಗಳ ಚಿತ್ರಕಾರನಾಗಿ ನಿಂತನು. ಅದೇ ತಲೆಮಾರಿನಲ್ಲಿ ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಈ ಸೀಮೆಯನ್ನು ಪೆನ್ಸಿಲ್ ಹಿಡಿದು ನೋಡಿದವನು ಫಿಲಿಪ್ ಮೆಡೋಸ್ ಟೇಲರ್.

ಮಾರ್ಟೆನ್ಸ್ ಮತ್ತು ಗೆರಾರ್ ಕುಂಚದಿಂದಲೇ ಅನ್ನ ಸಂಪಾದಿಸಿದವರು. ಟೇಲರನಾದರೋ ಆಡಳಿತಗಾರ; ಕನ್ನಡ ಓದುಗರಿಗೆ ಅವನು ಸುರಪುರದ ಕಥೆಯ ಒಂದು ಪಾತ್ರವಾಗಿ, ‘ಕನ್ಫೆಶನ್ಸ್ ಆಫ್ ಎ ಥಗ್’ ಕಾದಂಬರಿಯ ಕರ್ತೃವಾಗಿ ಪರಿಚಿತನೇ ಹೊರತು ಚಿತ್ರಕಾರನಾಗಿ ಅಲ್ಲ. ಅವನ ಬರವಣಿಗೆಯ ಕೀರ್ತಿಯಲ್ಲಿ ಅವನ ರೇಖೆಗಳು ಮರೆಯಾದದ್ದು ಈ ನೆಲದ ಮಟ್ಟಿಗೆ ದೊಡ್ಡ ನಷ್ಟ. ಏಕೆಂದರೆ ಜೇವರ್ಗಿ ಸೀಮೆಯ ನೆಲವನ್ನು ಮೊದಲ ಬಾರಿಗೆ ಅಳೆದು, ಸೀಳಿ, ಪದರ ಪದರವಾಗಿ ಬರೆದು ತೋರಿಸಿದ್ದು ಆ ರೇಖೆಗಳೇ.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ಹದಿನೈದರ ಹುಡುಗನಾಗಿ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಗುಮಾಸ್ತಿಕೆಗೆಂದು ಬಂದು, ಆ ವ್ಯಾಪಾರ ನಂಬುವಂಥದ್ದಲ್ಲವೆಂದು ಕಂಡುಕೊಂಡು 1824ರಲ್ಲೇ ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೇರಿದನು. ದೊಡ್ಡ ಶಾಲೆಯ ಓದು ಅವನಿಗೆ ಇರಲಿಲ್ಲ. ದೇಶಭಾಷೆಗಳು, ಕಾನೂನು, ಮೋಜಣಿ, ಕಟ್ಟಡ ಕಾಮಗಾರಿ ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತವನು. ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರನಾಗದೆ ನಿಜಾಮನ ಚಾಕರಿಯಲ್ಲೇ ಉಳಿದುದರಿಂದ ಅವನ ಬಾಳು ಬಹುತೇಕ ದಖ್ಖನಿನ ಒಳನಾಡಿನಲ್ಲೇ ಕಳೆಯಿತು. ಅವನು 1832ರಲ್ಲಿ ಮದುವೆಯಾದ ಮೇರಿ, ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು. 1841ರಲ್ಲಿ ಸುರಪುರದ ಆಡಳಿತದ ಹೊಣೆ ಅವನ ಮೇಲೆ ಬಿತ್ತು. ಮರುವರ್ಷ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ರಾಣಿ ಈಶ್ವರಮ್ಮನ ಮಹತ್ವಾಕಾಂಕ್ಷೆ, ಬೇಡ ಪಡೆಯ ಶೌರ್ಯ, ನಿಜಾಮನ ಬಾಕಿ ಕಪ್ಪ ಇವುಗಳ ನಡುವೆ ಬಾಲಕ ವೆಂಕಟಪ್ಪ ನಾಯಕನ ಸಂಸ್ಥಾನವನ್ನು 1853ರವರೆಗೆ ನಡೆಸಿದನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಇಂದಿಗೂ ಇದೆ.

ಅವನ ಚಿತ್ರಗಳ ಮೊದಲ ಸಂಗ್ರಹ ‘ಸ್ಕೆಚಸ್ ಇನ್ ದ ಡೆಕ್ಕನ್’ ಲಂಡನ್ನಿನಲ್ಲಿ 1837ರಲ್ಲಿ ಶಿಲಾಮುದ್ರಣದಲ್ಲಿ ಹೊರಬಂದಿತು. ನುಣುಪಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಹಚ್ಚಿದರೆ, ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿದು ಕಾಗದಕ್ಕೆ ಇಳಿಯುತ್ತದೆ, ಶಿಲಾಮುದ್ರಣವೆಂದರೆ ಇದೇ. ಅಗ್ಗವೂ ಶೀಘ್ರವೂ ಆದ ಈ ವಿಧಾನದಿಂದ ಇಂಡಿಯಾದ ನೋಟಗಳು ಇಂಗ್ಲೆಂಡಿನ ನಡುಮನೆಗಳನ್ನು ತಲುಪಿದವು. ಆದರೆ ಆ ನಡುಮನೆಗಳಿಗೆ ಒಂದು ನಿರೀಕ್ಷೆಯೂ ಇತ್ತು. ಮುಂಭಾಗದಲ್ಲಿ ಕಪ್ಪು ನೆರಳಿನ ಒಂದು ಮರ, ನಡುವೆ ಪಾಳುಬಿದ್ದ ಗುಮ್ಮಟ ಅಥವಾ ಕೋಟೆ, ಅದರ ಎತ್ತರ ತಿಳಿಯಲೆಂದು ಒಬ್ಬಿಬ್ಬರು ಮನುಷ್ಯರು, ಹಿಂದೆ ಮಸುಕಾದ ಗುಡ್ಡಸಾಲು ಎಂಬ ಈ ಜೋಡಣೆಯನ್ನು ರಮ್ಯದೃಶ್ಯ ಪದ್ಧತಿ ಎನ್ನುತ್ತಾರೆ. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1792ರಲ್ಲಿ ದಕ್ಷಿಣಕ್ಕೆ ಬಂದು ಬರೆದುಕೊಂಡು ಹೋದ ನೋಟಗಳು, ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರಿನ ನೋಟಗಳು ಈ ಪದ್ಧತಿಯನ್ನು ಆಗಲೇ ಗಟ್ಟಿಗೊಳಿಸಿದ್ದವು. ಟೇಲರನ ಮುದ್ರಿತ ಚಿತ್ರಗಳೂ ಬಹುಮಟ್ಟಿಗೆ ಈ ಚೌಕಟ್ಟಿನ ಒಳಗೇ ಇವೆ. ಅವು ಸುಂದರವಾಗಿದ್ದರೂ ಅವನನ್ನು ಬೇರೆಯವರಿಂದ ಪ್ರತ್ಯೇಕಿಸಿ ನಿಲ್ಲಿಸುವಷ್ಟು ಬಲವುಳ್ಳವಲ್ಲ.

ಈ ಪದ್ಧತಿ ಸೋಲುವುದು ಎಲ್ಲಿ ಎಂಬುದನ್ನು ತಿಳಿಯಲು ಇಜೇರಿಯ ಸುತ್ತಣ ಎರಿ ಹೊಲಗಳನ್ನು ನೋಡಿದರೆ ಸಾಕು. ಜೋಳ, ತೊಗರಿ ಬೆಳೆಯುವ ಈ ಕಪ್ಪು ಬಯಲಿನಲ್ಲಿ ದೃಶ್ಯವನ್ನು ಒಂದು ಬದಿಯಿಂದ ಮುಚ್ಚಿ ಹಿಡಿಯುವ ಮರಗುಂಪು ಇಲ್ಲ, ಕಣ್ಣನ್ನು ತಡೆದು ನಿಲ್ಲಿಸುವ ಗುಡ್ಡ ಅಪರೂಪ, ಬೆಳಕು ಮೇಲಿನಿಂದ ನೇರವಾಗಿ ಬಿದ್ದು ನೆರಳುಗಳನ್ನೇ ನುಂಗಿಬಿಡುತ್ತದೆ. ಇಂಥದೇ ತೊಡಕನ್ನು ಆಸ್ಟ್ರೇಲಿಯಾದ ಚಿತ್ರಕಾರರೂ ಎದುರಿಸಿದರು. ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಜಾನ್ ಗ್ಲೋವರ್ 1831ರಲ್ಲಿ, ತನ್ನ 64ನೆಯ ವಯಸ್ಸಿನಲ್ಲಿ ಟಾಸ್ಮೇನಿಯಾಕ್ಕೆ ಹೋದಾಗ, ಅಲ್ಲಿಯ ನೀಲಗಿರಿ ಮರಗಳ ವಿರಳ ಎಲೆಗಳ ನಡುವಿನಿಂದ ಹಿಂದಿನ ಬಯಲು ಪೂರ್ತಿ ಕಾಣುತ್ತಿದ್ದುದರಿಂದ, ದಟ್ಟ ಓಕ್ ಮರ ಬರೆದು ಪಳಗಿದ ತನ್ನ ಕೈಯನ್ನು ಹೊಸದಾಗಿ ತಿದ್ದಿಕೊಳ್ಳಬೇಕಾಯಿತು. ಅವನು ತಿದ್ದಿಕೊಂಡನು ಎಂಬುದೇ ಅವನ ದೊಡ್ಡತನ. ಟೇಲರನೂ ತಿದ್ದಿಕೊಂಡನು, ಆದರೆ ಬಣ್ಣದಲ್ಲಿ ಅಲ್ಲ, ಬೇರೊಂದು ಬಗೆಯ ಚಿತ್ರದಲ್ಲಿ.

ಸುರಪುರದಲ್ಲಿದ್ದ ವರ್ಷಗಳಲ್ಲಿ ಈ ಸೀಮೆಯ ಹಳೆಯ ಕಲ್ಲುಗಳು ಅವನನ್ನು ಸೆಳೆದವು. ರಾಜನಕೋಳೂರಿನಲ್ಲಿ ನಿಲುಚಪ್ಪಡಿಗಳ ಮೇಲೆ ಒಂದು ಹಾಸುಚಪ್ಪಡಿ ಹೊದಿಸಿದ, ಜನ ಮೋರೇರ ಮನೆ ಎಂದು ಕರೆಯುವ ಕಲ್ಮನೆಗಳಿವೆ. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಗಳನ್ನು ಓರಣವಾಗಿ ಸಾಲುಸಾಲಾಗಿ ಇಟ್ಟ ಬಯಲಿದೆ. ಭೀಮೆಯ ದಂಡೆಯ ಫಿರೋಜಾಬಾದಿಗೆ ಹತ್ತಿರವಾದ ಜೇವರ್ಗಿಯ ಹೊಲಗಳಲ್ಲಿ ಕಲ್ಲಿನ ಬಳೆಯೊಳಗೆ ಕಲ್ಲುರಾಶಿ ತುಂಬಿದ ಗೋರಿಗಳಿದ್ದವು. ಸತ್ತವರನ್ನು ಗುಂಡಿಯಲ್ಲಿಟ್ಟು, ಮಣ್ಣು-ಕಲ್ಲು ಮುಚ್ಚಿ, ಸುತ್ತಲೂ ದೊಡ್ಡ ಗುಂಡುಗಳ ವೃತ್ತ ನಿಲ್ಲಿಸಿದ ಇಂಥವನ್ನು ಕಲ್ಗುಪ್ಪೆಗಳೆಂದು, ಇವುಗಳನ್ನು ಕಟ್ಟಿದ ಕಬ್ಬಿಣ ಯುಗದ ಜನರ ಬದುಕನ್ನು ಬೃಹತ್ ಶಿಲಾ ಸಂಸ್ಕೃತಿಯೆಂದು ವಿದ್ವಾಂಸರು ಹೆಸರಿಸುತ್ತಾರೆ. ಟೇಲರ್ ಇವುಗಳಲ್ಲಿ ಕೆಲವನ್ನು ಅಗೆಸಿದನು, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದ ಆರಂಭದಲ್ಲಿ ಬರೆದನು, ನಿವೃತ್ತಿಯ ನಂತರ 1862ರಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಎಲ್ಲವನ್ನೂ ಸೇರಿಸಿ ಮಂಡಿಸಿದನು.

ಆ ಕಾಲದಲ್ಲಿ ಹಳೆಯ ಗೋರಿ ಅಗೆಯುವುದೆಂದರೆ ಬಹುಪಾಲು ಕಡೆ ನಿಧಿ ಹುಡುಕುವ ಕೆಲಸವೇ ಆಗಿತ್ತು: ಮೇಲಿನಿಂದ ಗುಂಡಿ ತೋಡುವುದು, ಮಡಕೆಯೋ ಆಯುಧವೋ ಸಿಕ್ಕರೆ ಎತ್ತಿಕೊಳ್ಳುವುದು, ಉಳಿದ ಮಣ್ಣನ್ನು ಮರೆಯುವುದು. ಟೇಲರ್ ಮಣ್ಣನ್ನು ಮರೆಯಲಿಲ್ಲ. ಕಲ್ಗುಪ್ಪೆಯನ್ನು ಮೇಲಿನಿಂದ ಬುಡದವರೆಗೆ ಚಾಕುವಿನಿಂದ ಕೊಯ್ದು ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆಯೋ ಹಾಗೆ ಅವನು ಬರೆದನು. ಇದನ್ನು ಸೀಳುನೋಟ ಅಥವಾ ಛೇದಚಿತ್ರ ಎನ್ನುತ್ತಾರೆ. ಮೇಲಣ ಗುಂಡುಗಳು, ಅವುಗಳ ಕೆಳಗಿನ ಸಡಿಲ ಕಲ್ಲು, ಅದರಡಿ ಮಣ್ಣಿನ ಪದರಗಳು, ಅಸ್ಥಿಪಂಜರ ಇದ್ದ ಮಟ್ಟ, ಮಡಕೆಗಳಿದ್ದ ಜಾಗ ಎಲ್ಲವೂ ಆ ಚಿತ್ರಗಳಲ್ಲಿ ತಮ್ಮ ತಮ್ಮ ಆಳದಲ್ಲಿ ಕುಳಿತಿವೆ. ಯಾವ ವಸ್ತು ಯಾವುದರ ಮೇಲೆ ಇತ್ತು, ಯಾವುದರ ಕೆಳಗೆ ಇತ್ತು ಎಂಬುದೇ ಕಾಲದ ಹಿಂದುಮುಂದನ್ನು ತಿಳಿಸುತ್ತದೆ ಎಂಬ ತತ್ತ್ವ ಪುರಾತತ್ತ್ವ ಶಾಸ್ತ್ರದ ಅಡಿಪಾಯವಾಗುವುದಕ್ಕೆ ಇನ್ನೂ ಹಲವು ದಶಕಗಳು ಬೇಕಾಗಿದ್ದಾಗ, ಜೇವರ್ಗಿಯ ಹೊಲವೊಂದರಲ್ಲಿ ಅದು ಚಿತ್ರವಾಗಿ ಮೂಡಿತ್ತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದು ಕರ್ನಾಟಕದ ಬೃಹತ್ ಶಿಲಾ ಕಾಲಕ್ಕೆ ಮೊದಲ ಬಾರಿಗೆ ಕ್ರಮಬದ್ಧ ಕಾಲಗಣನೆ ಒದಗಿಸಿದ ಮಾರ್ಟಿಮರ್ ವ್ಹೀಲರ್, ಉತ್ಖನನ ವಿಧಾನವನ್ನು ಕುರಿತ ತನ್ನ 1954ರ ಪುಸ್ತಕದಲ್ಲಿ ಟೇಲರನ ಈ ಕೆಲಸವನ್ನು ಅದರ ಕಾಲಕ್ಕೆ ಅಸಾಧಾರಣವೆಂದು ಮೆಚ್ಚಿಕೊಂಡಿದ್ದಾನೆ.

ಈ ಛೇದಚಿತ್ರಗಳೇ ಟೇಲರನ ನಿಜವಾದ ಭೂದೃಶ್ಯಗಳು ಎಂಬುದು ಈ ಭಾಷಣದ ಪ್ರತಿಪಾದನೆ. ಲಂಡನ್ನಿನ ಆಲ್ಬಮಿನಲ್ಲಿ ಅವನು ನೆಲವನ್ನು ನೋಟಕ್ಕೆ ಹಿನ್ನೆಲೆಯಾಗಿ ಬಳಸಿದನು. ಇಲ್ಲಿ ನೆಲವೇ ವಸ್ತುವಾಯಿತು. ಕೆರೆಯ ಏರಿ, ರಸ್ತೆ, ಕಟ್ಟಡಗಳ ಕಾಮಗಾರಿಯ ನಕ್ಷೆಗಳನ್ನು ಓದಿ ಪಳಗಿದ ಕಣ್ಣಿಗೂ ದೂರದ ಗುಡ್ಡದ ಅಂಚನ್ನು ಒಂದೇ ರೇಖೆಯಲ್ಲಿ ಹಿಡಿಯುವ ಚಿತ್ರಕಾರನ ಕೈಗೂ ಇಲ್ಲಿ ಕೂಡಿಬಂದ ಹೊಂದಾಣಿಕೆ, ಬರಿಯ ಇಂಜಿನಿಯರನಿಗೂ ಬರಿಯ ಕಲಾವಿದನಿಗೂ ಸುಲಭವಾಗಿ ದಕ್ಕುವಂಥದ್ದಲ್ಲ.

ಟೇಲರನ ತೀರ್ಮಾನಗಳು ಮಾತ್ರ ನಿಲ್ಲಲಿಲ್ಲ. ಈ ಗೋರಿಗಳು ಬ್ರಿಟನ್ನಿನ ಕಲ್ಲುಗೋರಿಗಳನ್ನು ಹೋಲುವುದನ್ನು ಕಂಡು, ಇವನ್ನು ಕಟ್ಟಿದವರು ಮಧ್ಯ ಏಷ್ಯಾದ ಶಕರೋ ಕೆಲ್ಟ್ ಜನರ ಬಂಧುಗಳೋ ಆಗಿರಬೇಕೆಂದು ಅವನು ಊಹಿಸಿದನು. ತಲೆ ಬೇರೆ ಮುಂಡ ಬೇರೆಯಾಗಿ ಸಿಕ್ಕ ಅಸ್ಥಿಗಳನ್ನು ನೋಡಿ ನರಬಲಿಯ ಮಾತನಾಡಿದನು. ಮೊದಲನೆಯ ಊಹೆಯನ್ನು ಇಂದಿನ ವಿದ್ವತ್ತು ಪೂರ್ಣವಾಗಿ ಕೈಬಿಟ್ಟಿದೆ. ಅವನ ವಾದ ಬಿದ್ದರೂ ಅವನ ಚಿತ್ರ ಬೀಳಲಿಲ್ಲ, ಏಕೆಂದರೆ ವಾದಕ್ಕೆ ತಕ್ಕಂತೆ ಅವನು ರೇಖೆಯನ್ನು ಬಗ್ಗಿಸಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವ ಶಿಸ್ತು ಬರೆದವನ ತಪ್ಪುಗಳನ್ನೂ ದಾಟಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಈ ಚಿತ್ರಗಳನ್ನು ಮೆಚ್ಚುವಾಗ ಅವುಗಳ ಹಿಂದಿನ ಅಧಿಕಾರವನ್ನು ಮರೆಯುವುದು ಸರಿಯಲ್ಲ. ನೆಲವನ್ನು ಅಳೆದು ಬರೆಯುವ ಕೈಯೇ ನೆಲದ ಮೇಲೆ ಕಂದಾಯ ಕಟ್ಟುವ ಕೈಯೂ ಆಗಿತ್ತು. ಸುರಪುರದ ನಂತರ ನಳದುರ್ಗದಲ್ಲಿ ಟೇಲರ್ ಕೈಗೊಂಡ ಭೂಮಾಪನವೇ ಇದಕ್ಕೆ ಸಾಕ್ಷಿ. ಕಲ್ಗುಪ್ಪೆಗಳ ಗುಂಡುಗಳನ್ನು ಹೊರಳಿಸಿ, ಆಳದ ಮಣ್ಣನ್ನು ಬುಟ್ಟಿಯಲ್ಲಿ ಮೇಲೆತ್ತಿದ ಈ ಊರುಗಳ ಕೂಲಿಕಾರರ ದುಡಿಮೆಯಿಲ್ಲದೆ ಒಂದು ಛೇದಚಿತ್ರವೂ ಹುಟ್ಟುತ್ತಿರಲಿಲ್ಲ. ಇನ್ನು, ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದಾಗ ಟೇಲರ್ ಅವನನ್ನು ಸೆರೆಮನೆಯಲ್ಲಿ ಕಂಡನು. ಅದೇ ವರ್ಷ ಆ ತರುಣ ಅರಸ ಗುಂಡೇಟಿನಿಂದ ತೀರಿಕೊಂಡನು. ಟೇಲರನ ಪ್ರೀತಿ ನಿಜವಾದದ್ದೇ ಆಗಿದ್ದರೂ ಅವನು ಸೇವೆ ಮಾಡಿದ ವ್ಯವಸ್ಥೆ ಆ ಪ್ರೀತಿಗಿಂತ ಬಲಶಾಲಿಯಾಗಿತ್ತು, ಮತ್ತು ಅವನ ಯಾವ ಕೃತಿಯನ್ನಾದರೂ ಈ ಎರಡನ್ನೂ ಒಟ್ಟಿಗೆ ಹಿಡಿದೇ ಓದಬೇಕಾಗಿದೆ.

ಅದೇ ಸುರಪುರದಲ್ಲಿ ನಾಯಕ ಅರಸರ ಆಶ್ರಯದಿಂದ ಬೆಳೆದ ಚಿತ್ರಪರಂಪರೆಯೊಂದಿತ್ತು. ಚಿನ್ನದ ಲೇಪ, ಸೂಕ್ಷ್ಮ ಕುಸುರಿ, ದೇವತೆಗಳು ಮತ್ತು ದರ್ಬಾರುಗಳು ಅದರ ಸಂಪತ್ತು. ಸುರಪುರದ ಚಿತ್ರಕಾರನಿಗೆ ಎರಿ ಹೊಲ ಚಿತ್ರದ ವಸ್ತುವಾಗಿ ಕಾಣಲಿಲ್ಲ. ಟೇಲರನಿಗೆ ಆ ಚಿತ್ರಕಾರನ ದೇವಲೋಕ ಒಳಗಿನಿಂದ ತೆರೆಯಲಿಲ್ಲ. ಈ ಎರಡೂ ಬಗೆಯ ಹಾಳೆಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡುವ ಅಧ್ಯಯನ ಕನ್ನಡದಲ್ಲಿ ನಡೆಯಬೇಕು. ಮುಂದೆ ಕಲಬುರಗಿಯಲ್ಲಿ ಹುಟ್ಟಿ ದೇಶವಿಡೀ ಹೆಸರಾದ ಎಸ್. ಎಂ. ಪಂಡಿತರೂ ಪುರಾಣದ ಚಿತ್ರ, ಕ್ಯಾಲೆಂಡರ್, ಸಿನಿಮಾ ಪೋಸ್ಟರುಗಳತ್ತ ಹೋದರು ಎಂಬುದನ್ನು ನೆನೆದರೆ, ಈ ಸೀಮೆಯ ಬಯಲು ತನ್ನದೇ ಚಿತ್ರಕಾರನಿಗಾಗಿ ಎಷ್ಟು ದೀರ್ಘಕಾಲ ಕಾದಿದೆ ಎಂಬುದು ತಿಳಿಯುತ್ತದೆ.

ಟೇಲರನ ಕೊನೆಯ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. 1860ರಲ್ಲಿ ಅವನು ನಿವೃತ್ತನಾಗಿ ಮರಳಿದನು. 1866ರಲ್ಲಿ ಬಿಜಾಪುರದ ಹಾಗೂ ಧಾರವಾಡ-ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಎರಡು ದೊಡ್ಡ ಸಂಪುಟಗಳು ಬಂದಾಗ ಜೇಮ್ಸ್ ಫರ್ಗುಸನ್ನನ ಜೊತೆ ಅವುಗಳಿಗೆ ಬರೆದವನು ಅವನೇ, ಆದರೆ ಆ ಸಂಪುಟಗಳ ಬಲ ಕ್ಯಾಮೆರಾ ತೆಗೆದ ಛಾಯಾಚಿತ್ರಗಳಲ್ಲಿತ್ತು. ಪೆನ್ಸಿಲ್ ಹಿಡಿದ ಅಧಿಕಾರಿಯ ಕಾಲ ಮುಗಿದಿತ್ತು. ಕಣ್ಣು ಮಂಜಾಗುತ್ತಿದ್ದ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದು, ಜ್ವರದಿಂದ ಕುಗ್ಗಿ, ಮರಳುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ನಿನಲ್ಲಿ ಕಣ್ಮುಚ್ಚಿದನು. ಮರುವರ್ಷ ಅವನ ಮಗಳು ಅವನ ಆತ್ಮಕಥೆಯನ್ನು ಪ್ರಕಟಿಸಿದಳು.

ಹಳೆಯ ಭೂದೃಶ್ಯ ಚಿತ್ರವೊಂದು ಇಂದಿನ ನೆಲಕ್ಕೆ ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದಿಂದ ಒಂದು ಉತ್ತರ ಬಂದಿದೆ. ವಿಕ್ಟೋರಿಯಾ ಪ್ರಾಂತದ ಟವರ್ ಹಿಲ್ ಎಂಬ ಆರಿದ ಜ್ವಾಲಾಮುಖಿಯನ್ನು ಗೆರಾರ್ 1855ರಲ್ಲಿ ಗಿಡಗಿಡದ ಜಾತಿಯೂ ಗುರುತು ಸಿಗುವಷ್ಟು ನಿಷ್ಠೆಯಿಂದ ಬರೆದಿದ್ದನು. ಮುಂದೆ ದನಕುರಿಗಳ ಮೇವಿಗೆ, ಬೇಸಾಯಕ್ಕೆ, ಕಲ್ಲುಗಣಿಗೆ ಸಿಕ್ಕಿ ಆ ಗುಡ್ಡ ಬೋಳಾಯಿತು. 1960ರ ದಶಕದಲ್ಲಿ ಅಲ್ಲಿ ಮತ್ತೆ ಕಾಡು ಬೆಳೆಸಲು ಹೊರಟವರು ಯಾವ ಗಿಡ ಎಲ್ಲಿತ್ತೆಂದು ತಿಳಿಯಲು ಆ ವರ್ಣಚಿತ್ರವನ್ನೇ ಮಾರ್ಗದರ್ಶಿಯಾಗಿ ಇಟ್ಟುಕೊಂಡರು. ಭೀಮಾ ಬಯಲಿನ ಕಲ್ಗುಪ್ಪೆಗಳಿಗೆ ಟೇಲರನ ಛೇದಚಿತ್ರಗಳು ಇದೇ ಬಗೆಯ ಕೆಲಸ ಮಾಡಬಲ್ಲವು. ಕರ್ನಾಟಕದಲ್ಲಿ ಉಳುಮೆ, ಕಲ್ಲುಗಣಿ, ಕಟ್ಟಡಗಳಿಗಾಗಿ ಕಳೆದುಹೋದ ಶಿಲಾವೃತ್ತಗಳು ಹಲವು. ಹೊಲದ ನಡುವಿನ ಗುಂಡುಗಳು ರೈತನಿಗೆ ಅಡ್ಡಿಯಾಗಿ ಕಾಣುವುದು ಸಹಜವೇ ಆದ್ದರಿಂದ ಅವನನ್ನು ದೂರಿ ಪ್ರಯೋಜನವಿಲ್ಲ, ಅವು ಏನೆಂದು ಅವನಿಗೆ ಕನ್ನಡದಲ್ಲಿ ಹೇಳದಿದ್ದ ವಿದ್ವತ್ತಿನ ಮೇಲೆ ಆ ಹೊಣೆ ಇದೆ.

ಆದುದರಿಂದ ಇಲ್ಲಿ ಪ್ರಬಂಧ ಮಂಡಿಸಲಿರುವ ವಿದ್ವಾಂಸರಲ್ಲಿ, ಕಲಾಶಾಲೆಗಳ ಅಧ್ಯಾಪಕ-ವಿದ್ಯಾರ್ಥಿಗಳಲ್ಲಿ ಮತ್ತು ಇತಿಹಾಸ ವಿಭಾಗಗಳಲ್ಲಿ ಈ ಸಂಕಿರಣದ ಕೋರಿಕೆ ಇಷ್ಟು: ಟೇಲರನ ಜೇವರ್ಗಿ, ರಾಜನಕೋಳೂರು, ವಿಭೂತಿಹಳ್ಳಿಯ ಚಿತ್ರಗಳನ್ನು ಕನ್ನಡ ವಿವರಣೆಯೊಂದಿಗೆ ಒಂದೇ ಪುಸ್ತಕವಾಗಿ ತರಬೇಕು, ಇತಿಹಾಸದ ವಿದ್ಯಾರ್ಥಿಯೂ ಚಿತ್ರಕಲೆಯ ವಿದ್ಯಾರ್ಥಿಯೂ ಜೊತೆಗೂಡಿ ಈ ತಾಲೂಕುಗಳಲ್ಲಿ ಇನ್ನೂ ಉಳಿದಿರುವ ಪ್ರತಿಯೊಂದು ಶಿಲಾವೃತ್ತವನ್ನು, ಅಗೆಯದೆ, ಅಲುಗಾಡಿಸದೆ, ಹೊಲದ ಸರ್ವೆ ನಂಬರಿನ ಸಮೇತ ಅಳೆದು ಬರೆದಿಡಬೇಕು, ಆ ಚಿತ್ರದ ಒಂದು ಪ್ರತಿಯನ್ನು ಹೊಲದ ಒಡೆಯನ ಕೈಗೂ ಇನ್ನೊಂದನ್ನು ಊರಿನ ಶಾಲೆಗೂ ಕೊಡಬೇಕು.